ಬಾಪೂ ಅಂಚೆಚೀಟಿ: ಸಂಗ್ರಹ ಮತ್ತು ಮೌಲ್ಯ

ಸ್ವಾತಂತ್ರ್ಯದ ಪ್ರಥಮ ವಾರ್ಷಿಕೋತ್ಸವದಂದು, ಅಂದರೆ 1948ರ ಆಗಸ್ಟ್ 15ರಂದು, ಗಾಂಧೀಜಿಯವರ ಸ್ಮಾರಕ ಅಂಚೆಚೀಟಿಗಳು ಬಿಡುಗಡೆಗೊಂಡವು. ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಹಾಗೂ 10 ರೂಪಾಯಿ ಮುಖಬೆಲೆಯ ಈ ನಾಲ್ಕೂ ಚೀಟಿಗಳು ಸ್ವಿಟ್ಜರ್ಲೆಂಡಿನಲ್ಲಿ ಮುದ್ರಿತವಾದವು. ಅವುಗಳಲ್ಲಿ ‘ಬಾಪೂ’ ಎಂಬ ಪದವು ಹಿಂದಿ, ಉರ್ದು ಎರಡರಲ್ಲಿಯೂ ಇದೆ.

ಸರ್ಕಾರಿ ಉಪಯೋಗಕ್ಕಾಗಿ ‘ಸರ್ವೀಸ್’ ಎಂದು ಮೇಲ್ಮುದ್ರಿಸಲಾದ 10 ರೂಪಾಯಿಯ ಚೀಟಿಗಳು ಕೇವಲ 100. ಅಂತಹ ನಾಲ್ಕು ಚೀಟಿಗಳ ಪಟ್ಟಿಯೊಂದು 2017ರಲ್ಲಿ 5 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಈ ಬೆಲೆಯೇ ನಕಲಿಗೂ ಪ್ರೇರಣೆ. ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳುವುದು ಸಲ್ಲದು.

ಬಳಸದ ಚೀಟಿಯ ಮೌಲ್ಯವನ್ನು ಹಿಂಬದಿಯ ಮೂಲ ಅಂಟು, ಮಾಸದ ಬಣ್ಣ, ಹರಿಯದ ಅಂಚುಗಳು ನಿರ್ಧರಿಸುತ್ತವೆ. ಹಿರಿಯರ ಪೆಟ್ಟಿಗೆಯಲ್ಲಿ ಈ ಚೀಟಿಯುಳ್ಳ ಲಕೋಟೆ ದೊರೆತರೆ ಚೀಟಿಯನ್ನು ಬಿಡಿಸದಿರಿ. ಊರು, ದಿನಾಂಕಗಳ ಮೊಹರು ಹೊತ್ತ ಆ ಲಕೋಟೆಯು ಸಂಗ್ರಾಹಕರಿಗೆ ದಾಖಲೆ, ಕುಟುಂಬಕ್ಕೆ ಚರಿತ್ರೆ.