ಭಂಗಿಯ ಗಿಡವೂ ತೋಟದ ಯಜಮಾನರೂ

ಸಕಲೇಶಪುರದಿಂದ ಆಲೂರಿನ ಕಡೆಗೆ ಹೊರಟರೆ ಕಾಫಿ, ಏಲಕ್ಕಿ, ಶುಂಠಿ ಎಲ್ಲವೂ ತಮ್ಮ ಕಣ್ಣಿಗೆ ಬೀಳುತ್ತವೆ. ಅಂಥದೊಂದು ತೋಟದ ಅಂಚಿನಲ್ಲಿ, ಹಳ್ಳದ ಪಕ್ಕದ ಪೊದೆಯ ಮರೆಯಲ್ಲಿ, ಯಾರೋ ಬಿತ್ತಿ ಹೋದ ಭಂಗಿಯ ಗಿಡ ಬೆಳೆದಿದೆ ಎಂದಿಟ್ಟುಕೊಳ್ಳಿ. ಯಜಮಾನರು ಅದನ್ನು ನೋಡಿದರು. ಇಲ್ಲದ ತಂಟೆ ಏಕೆಂದು ಸುಮ್ಮನಾದರು. ಅವರು ಮಾಡಿದ ತಪ್ಪೇನು?

ಅವರ ಮುತ್ತಾತನ ಕಾಲದಲ್ಲಿ ಸರ್ಕಾರದ ನೋಟವೇ ಬೇರೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ ವಿಚಾರಣೆಗೆಂದು ಒಂದು ಆಯೋಗವನ್ನು ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷರು. 1193 ಮಂದಿ ಸಾಕ್ಷಿಗಳ ಮಾತು ಕೇಳಿದ ಮೇಲೆ, ಹಿತಮಿತವಾಗಿ ಸೇವಿಸಿದರೆ ಹೇಳುವಂಥ ಕೇಡಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಟ್ಟರೆ ಸಾಕು ಎಂದು 1894ರಲ್ಲಿ ಅದು ವರದಿ ಕೊಟ್ಟಿತು. ಬೊಕ್ಕಸಕ್ಕೂ ಈ ಅಭಿಪ್ರಾಯ ರುಚಿಸಿರಬೇಕು! ನಮ್ಮ ಮೈಸೂರು ರಾಜ್ಯದ 1965ರ ಅಬಕಾರಿ ಕಾಯಿದೆಯೂ ಭಂಗಿ ಗಾಂಜಾಗಳನ್ನು ಹೆಸರಿಸಿ, ಮದ್ಯದೊಡನೆ ಅಬಕಾರಿಯ ಲೆಕ್ಕಕ್ಕೇ ಸೇರಿಸಿತು.

ಅಷ್ಟರಲ್ಲಿ 1961ರ ಅಂತರರಾಷ್ಟ್ರೀಯ ಒಪ್ಪಂದ ಬಂದಿತ್ತು. ಔಷಧಕ್ಕಲ್ಲದ ಗಾಂಜಾ ಬಳಕೆಯನ್ನು 25 ವರ್ಷದೊಳಗೆ ನಿಲ್ಲಿಸಬೇಕೆಂಬುದು ಅದರ ಷರತ್ತು. ಅದರ ಫಲವಾಗಿ ಇಡೀ ದೇಶಕ್ಕೆ 1985ರ ಮಾದಕ ವಸ್ತುಗಳ ಕಾಯಿದೆ ಬಂದಿತು. ಇದರಲ್ಲಿ ಒಂದು ವಿಚಿತ್ರವಿದೆ. ಒಂದು ಕಿಲೋದವರೆಗೆ ಒಣಗಿದ ಗಾಂಜಾ ಇಟ್ಟುಕೊಂಡು ಸಿಕ್ಕಿದವನಿಗೆ ಹೆಚ್ಚೆಂದರೆ ಒಂದು ವರ್ಷದ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಿಡ ಬೆಳೆಸಿದವನಿಗಾದರೋ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಜೊತೆಗೆ ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ಗಿಡಗಳವರೆಗೆ ಎಂಬ ರಿಯಾಯಿತಿ ಅಲ್ಲಿಲ್ಲ.

ಸಮುದ್ರದಾಚೆ ನೋಡಿ. ನಮ್ಮ ದೇಶದ ಕರಾರು ಕೂಲಿಗಳು 1845ರಿಂದ ಜಮೈಕಾ ದ್ವೀಪದ ಕಬ್ಬಿನ ತೋಟಗಳಿಗೆ ಹೋದರು; ಅವರೊಡನೆ 'ಗಾಂಜಾ' ಎಂಬ ಮಾತೂ ಹೋಯಿತು. 1913ರಲ್ಲಿ ಅಲ್ಲಿ ನಿಷೇಧವಾಯಿತು. ಅದೇ ದ್ವೀಪ 2015ರಲ್ಲಿ ಮನೆಯೊಂದಕ್ಕೆ ಐದು ಗಿಡಗಳವರೆಗೆ ಬೆಳೆಯಬಹುದೆಂದು ಕಾಯಿದೆಯನ್ನು ಸಡಿಲಿಸಿತು.

ನಮ್ಮ ಕಾಯಿದೆಯಲ್ಲಿಯೂ ಒಂದು ಸಡಿಲಿಕೆ ಉಂಟು. ಹೂವಿನ ತುದಿಯಷ್ಟೇ ಗಾಂಜಾ. ಅದರಿಂದ ಬೇರ್ಪಟ್ಟ ಎಲೆಯೂ ಬೀಜವೂ ಆ ಹೆಸರಿಗೆ ಸೇರುವುದಿಲ್ಲ. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ಭಂಗಿಯೊಡನೆ ಸಿಕ್ಕಿಬಿದ್ದವನೊಬ್ಬನಿಗೆ ಜಾಮೀನು ಕೊಡುವಾಗ ಈ ಭೇದವನ್ನು ಎತ್ತಿ ಹೇಳಿತು.

ತೋಟದ ಯಜಮಾನರಿಗೆ ಇದರಿಂದ ಉಪಯೋಗವಿಲ್ಲ. ಅವರನ್ನು ಹಿಡಿಯುವುದು 46ನೆಯ ಪ್ರಕರಣ: ತನ್ನ ಜಮೀನಿನಲ್ಲಿ ಅಕ್ರಮವಾಗಿ ಬೆಳೆದ ಭಂಗಿಯ ಸುದ್ದಿಯನ್ನು ಒಡೆಯನು ಕೂಡಲೇ ಪೊಲೀಸರಿಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸಬೇಕು; ಗೊತ್ತಿದ್ದೂ ತಿಳಿಸದಿದ್ದರೆ ಅವನೂ ಶಿಕ್ಷೆಗೆ ಗುರಿ. ಬಿತ್ತಿದವನು ಯಾರೇ ಆಗಿರಲಿ, ಅಂದು ಸುಮ್ಮನಾದದ್ದೇ ಅವರ ತಪ್ಪು.