ಕೆಮಿಸ್ಟ್ರಿ ಪದವಿ: ಫೀಸಿಗಿಂತ ದೂರವೇ ದುಬಾರಿ

1958ಕ್ಕೆ ಮೊದಲು ನಮ್ಮ ಕಡೆಯವರಿಗೆ ಕೆಮಿಸ್ಟ್ರಿ ಪದವಿ ಬೇಕೆಂದರೆ ಮಂಗಳೂರಿನಂಥ ದೂರದ ಪೇಟೆಯೇ ಗತಿ. ಫೀಸಿನ ಜೊತೆ ಊಟ, ವಸತಿಯ ಖರ್ಚೂ ಬೀಳುತ್ತಿತ್ತು. ಆ ವರ್ಷ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಶುರುವಾಯಿತು. 1965ರಲ್ಲಿ ವಿವೇಕಾನಂದ ಕಾಲೇಜು ಬಂತು. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ನೆಹರು ಮೆಮೋರಿಯಲ್ ಕಾಲೇಜು ಕಟ್ಟಿದರು. ಮನೆಯಲ್ಲೇ ಉಂಡು ಪದವಿ ಓದುವ ದಾರಿ ತೆರೆಯಿತು.

ಕಡಬ ಈಗ ಪುತ್ತೂರಿನಿಂದ ಬೇರ್ಪಟ್ಟ ತಾಲೂಕು. ಆದರೂ ಒಳಹಳ್ಳಿಯ ಮಕ್ಕಳಿಗೆ ಬಸ್ಸಿನ ಲೆಕ್ಕ ತಪ್ಪಿಲ್ಲ. ಕೆಮಿಸ್ಟ್ರಿಗೆ ಲ್ಯಾಬ್ ಇದೆ. ಅದು ಮುಗಿಯುವಾಗ ಕೊನೆಯ ಬಸ್ಸು ಹೋಗಿದ್ದರೆ ಹಾಸ್ಟೆಲ್ಲೇ ಗತಿ, ಹಳೆಯ ಖರ್ಚೇ ಮರಳುತ್ತದೆ. ಹಾಗಾಗಿ ಕಾಲೇಜುಗಳನ್ನು ಹೋಲಿಸುವಾಗ ಬೋಧನಾ ಶುಲ್ಕವೊಂದನ್ನೇ ನೋಡಬೇಡಿ. ಲ್ಯಾಬ್ ಶುಲ್ಕ, ಬಸ್ ಪಾಸ್, ಕೊನೆಯ ಬಸ್ಸಿನ ಹೊತ್ತು, ಈ ಮೂರನ್ನೂ ಕೇಳಿಯೇ ಸೇರಿಸಿ.