ಒಂದು ‘=’ ಚಿಹ್ನೆ ಮತ್ತು ಕೋಡಿನ ಬೀಗ

ನಿಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಬ್ರಾಂಚ್ ಮಾತ್ರ ಪ್ರೈವೇಟ್ ಮಾಡಬಹುದಾ? ಗಿಟ್ ಕಲಿಯೋ ಎಷ್ಟೋ ಜನ ಕೇಳೋ ಪ್ರಶ್ನೆ ಇದು. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ, 2003ರ ನವೆಂಬರ್‌ಗೆ.

ಆಗ ಲಿನಕ್ಸ್ ಕರ್ನಲ್‌ನ ಅಸಲಿ ಕೋಡ್ ಇದ್ದದ್ದು ಬಿಟ್‌ಕೀಪರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಅದು ಬೇಡ ಅನ್ನೋರಿಗೆ ಸಿವಿಎಸ್‌ನಲ್ಲಿ ಒಂದು ನಕಲು ಇತ್ತು. ಯಾರೋ ಆ ನಕಲಿನ ಸರ್ವರ್‌ಗೆ ನುಗ್ಗಿ ಎರಡು ಸಾಲು ಸೇರಿಸಿದ್ರು. ನೋಡೋಕೆ ಮಾಮೂಲಿ ಕೋಡ್. ಆದ್ರೆ ‘==’ ಇರಬೇಕಾದ ಜಾಗದಲ್ಲಿ ‘=’ ಇತ್ತು. ಅಂದ್ರೆ, "ಈ ಬಳಕೆದಾರ ರೂಟಾ?" ಅಂತ ಕೇಳೋ ಬದಲು "ಇವನನ್ನ ರೂಟ್ ಮಾಡು" ಅನ್ನೋ ಆದೇಶ. ಗುಟ್ಟು ಗೊತ್ತಿದ್ದವನು ಇಡೀ ಕಂಪ್ಯೂಟರ್‌ಗೆ ಯಜಮಾನ ಆಗಬಹುದಿತ್ತು!

ಸಿಕ್ಕಿಬಿದ್ದದ್ದು ಹೇಗೆ? ಬಿಕಾಂ ಓದಿದ ನಮಗೆ ಚೆನ್ನಾಗಿ ಗೊತ್ತಿರೋ ಕೆಲಸದಿಂದ: ತಾಳೆ ನೋಡೋದು. ನಕಲಿನಲ್ಲಿದ್ದ ಆ ಬದಲಾವಣೆಗೆ ಅಸಲಿ ಪುಸ್ತಕದಲ್ಲಿ ಎಂಟ್ರಿನೇ ಇರಲಿಲ್ಲ. ತಕ್ಷಣ ತೆಗೆದುಹಾಕಿದ್ರು. ಅಸಲಿ ಕೋಡ್‌ಗೆ ಏನೂ ಆಗಿರಲಿಲ್ಲ. ಮಾಡಿದ್ದು ಯಾರು ಅಂತ ಮಾತ್ರ ಬಯಲಾಗಲೇ ಇಲ್ಲ.

2005ರಲ್ಲಿ ಕರ್ನಲ್ ತಂಡಕ್ಕೆ ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತುಹೋಯ್ತು. ಆ ಏಪ್ರಿಲ್‌ನಲ್ಲಿ ಲೈನಸ್ ಟೋರ್ವಾಲ್ಡ್ಸ್ ಗಿಟ್ ಬರೆದ್ರು. ಅದರಲ್ಲಿ ತಾಳೆ ನೋಡೋದು ಒಳಗೇ ಸೇರಿಕೊಂಡಿದೆ. ಪ್ರತಿ ಕಮಿಟ್‌ಗೂ ಒಂದು ಹ್ಯಾಶ್, ಅದರೊಳಗೆ ಹಿಂದಿನ ಕಮಿಟ್‌ನ ಹ್ಯಾಶ್. ಹಳೇದನ್ನ ತಿದ್ದಿದ್ರೆ ಮುಂದಿನದೆಲ್ಲ ಬದಲಾಗುತ್ತೆ, ಕಳ್ಳತನ ಗೊತ್ತಾಗುತ್ತೆ.

ಗಮನಿಸಿ, ಇಲ್ಲಿದ್ದ ಭಯ ಯಾರು ತಿದ್ದುತ್ತಾರೆ ಅನ್ನೋದು. ಯಾರು ಓದುತ್ತಾರೆ ಅನ್ನೋದಲ್ಲ. ಯಾಕಂದ್ರೆ ಲಿನಕ್ಸ್ ಎಲ್ಲರಿಗೂ ತೆರೆದ ಕೋಡ್. ಹಾಗಾಗಿ ಗಿಟ್‌ನಲ್ಲಿ ಬ್ರಾಂಚ್ ಅಂದ್ರೆ ಬೀಗ ಇರೋ ಕೋಣೆ ಅಲ್ಲ, ಒಂದು ಕಮಿಟ್‌ನ ತೋರಿಸೋ ಹೆಸರು ಅಷ್ಟೇ. ಗಿಟ್‌ಹಬ್ 2015ರಲ್ಲಿ ಪ್ರೊಟೆಕ್ಟೆಡ್ ಬ್ರಾಂಚ್ ತಂದಿತು ನಿಜ, ಆದ್ರೆ ಅದು ತಿದ್ದೋದಕ್ಕೆ ಹಾಕೋ ಬೀಗ. ಓದೋದಕ್ಕೆ ಬೀಗ ಬೇಕಂದ್ರೆ ಇಡೀ ರೆಪೊಸಿಟರಿಯನ್ನೇ ಪ್ರೈವೇಟ್ ಮಾಡಬೇಕು. ಮೊದಲು ಅದಕ್ಕೆ ದುಡ್ಡು ಕೊಡಬೇಕಿತ್ತು, 2019ರ ಜನವರಿಯಿಂದ ಉಚಿತ ಖಾತೆಯಲ್ಲೂ ಸಿಗುತ್ತೆ.

ಆದ್ದರಿಂದ ಗುಟ್ಟಿನ ಕೆಲಸಕ್ಕೆ ಬೇರೆ ಪ್ರೈವೇಟ್ ರೆಪೊಸಿಟರಿ ಇಟ್ಕೊಳ್ಳಿ. ಪಾಸ್‌ವರ್ಡ್ ಏನಾದ್ರೂ ಅಕಸ್ಮಾತ್ ಪಬ್ಲಿಕ್ ಬ್ರಾಂಚ್‌ಗೆ ಹೋದ್ರೆ, ಬ್ರಾಂಚ್ ಅಳಿಸಿ ಸುಮ್ಮನಾಗಬೇಡಿ. ಅಷ್ಟರಲ್ಲಿ ಕ್ಲೋನ್ ಮಾಡಿದವರ ಹತ್ರ ಅದು ಇದ್ದೇ ಇರುತ್ತೆ. ಮೊದಲು ಪಾಸ್‌ವರ್ಡ್ ಬದಲಾಯಿಸಿ. ಮುಂದಿನ ಕಂತಿನಲ್ಲಿ ಸಿಗೋಣ.